ಏರ್‌ಲೈನ್ ಬ್ಯಾಗೇಜ್ ಕ್ಲೇಮ್ ಸರ್ವಿಸ್: ಬ್ಯಾಗ್ ಹುಡುಕೋದಕ್ಕೆ ನಾಲ್ಕು ಸ್ಟಾರ್, ದುಡ್ಡು ಕೊಡೋದಕ್ಕೆ ಒಂದೂವರೆ

ಏರ್‌ಲೈನ್ ಹೆಸರು ಹಾಕ್ತಿಲ್ಲ, ಯಾಕಂದ್ರೆ ಬೇರೆ ಬೇರೆ ಕಂಪನಿ ಫ್ಲೈಟಲ್ಲಿ ಲಗೇಜ್ ಕಳ್ಕೊಂಡಿರೋ ಸುಮಾರು ಜನರ ಹತ್ರ ಮಾತಾಡಿದೀನಿ, ಎಲ್ರದ್ದೂ ಹೆಚ್ಚುಕಮ್ಮಿ ಇದೇ ಅನುಭವ, ಒಂದೇ ಕಂಪನೀನ ಬೈದು ಪ್ರಯೋಜನ ಇಲ್ಲ. ನಾನೂ ನನ್ನ ತಂಗೀನೂ ಒಟ್ಟಿಗೆ ಹೋಗಿದ್ವಿ, ಇಂಟರ್‌ನ್ಯಾಷನಲ್ ಫ್ಲೈಟು, ಮಧ್ಯ ಒಂದು ಕಡೆ ವಿಮಾನ ಬದಲಾಯಿಸ್ಬೇಕಿತ್ತು, ಇಬ್ರದ್ದೂ ಒಂದೊಂದು ಚೆಕ್-ಇನ್ ಬ್ಯಾಗು. ನನ್ನ ಬ್ಯಾಗ್ ಬೆಲ್ಟ್ ಮೇಲೆ ಬರ್ಲೇ ಇಲ್ಲ, ಕೆಲವು ದಿನ ಬಿಟ್ಟು ಬಂತು. ತಂಗಿ ಬ್ಯಾಗ್ ಅವತ್ತೇ ಬಂತು, ಆದ್ರೆ ಒಂದು ಚಕ್ರ ಬುಡದಿಂದ ಕಿತ್ತು ಹೋಗಿತ್ತು, ಮೂಲೇಲಿ ಸೀಳು ಬಿಟ್ಟಿತ್ತು. ಹಾಗಾಗಿ ಲೇಟ್ ಕ್ಲೇಮು, ಡ್ಯಾಮೇಜ್ ಕ್ಲೇಮು ಎರಡನ್ನೂ ಒಂದೇ ಕಂಪನಿ ಹತ್ರ ಒಟ್ಟಿಗೆ ಮಾಡಿ ನೋಡಿದ್ದಾಯ್ತು, ಅದ್ರ ರಿವ್ಯೂ ಇದು. ಶುರುನಲ್ಲೇ ಹೇಳ್ಬಿಡ್ತೀನಿ, ಬ್ಯಾಗ್ ಹುಡುಕೋ ವಿಭಾಗ ಬೇರೆ, ದುಡ್ಡು ಕೊಡೋ ವಿಭಾಗ ಬೇರೆ. ಹುಡುಕೋರು ನಿಜವಾಗ್ಲೂ ನಮ್ಮ ಪರವಾಗಿ ಓಡಾಡ್ತಾರೆ. ದುಡ್ಡಿನ ವಿಭಾಗದವ್ರು ಹೇಳೋ ಮೊದಲನೇ ಲೆಕ್ಕ ಕಂಪನಿ ಲೆಕ್ಕ, ಕಾನೂನಿನ ಲೆಕ್ಕ ಅಲ್ಲ, ಅದನ್ನ ಬದಲಾಯಿಸೋದು ತಾರೀಕು ಹಾಕಿ ಟೈಮೊಳಗೆ ಬರೆದು ಕೊಟ್ಟ ಕಾಗದ ಮಾತ್ರ.

ಮೊದ್ಲು ಒಳ್ಳೇದು. ಬೆಲ್ಟ್ ಪಕ್ಕದಲ್ಲೇ ಇದ್ದ ಬ್ಯಾಗೇಜ್ ಕೌಂಟರ್‌ನಲ್ಲಿ ಕೂತಿದ್ದವ್ರಿಗೆ ಕೆಲ್ಸ ಚೆನ್ನಾಗಿ ಗೊತ್ತಿತ್ತು. ಚೆಕ್-ಇನ್ ಮಾಡುವಾಗ ಕೊಡ್ತಾರಲ್ಲ ಸಣ್ಣ ಟ್ಯಾಗ್ ಚೀಟಿ, ಅದನ್ನ ಇಸ್ಕೊಂಡು ಅದ್ರಲ್ಲಿರೋ ಹತ್ತು ಅಂಕಿ ನಂಬರ್ ಹೊಡೆದ ತಕ್ಷಣ ಬ್ಯಾಗ್ ಕೊನೇಗೆ ಎಲ್ಲಿ ಸ್ಕ್ಯಾನ್ ಆಗಿದೆ ಅಂತ ನೋಡಿ ಹೇಳಿದ್ರು, ಕನೆಕ್ಷನ್ ಏರ್‌ಪೋರ್ಟಲ್ಲೇ ಉಳ್ಕೊಂಡಿದೆ ಅಂತ. ಆ ನಂಬರಲ್ಲಿ ಮೊದಲನೇ ಅಂಕಿ ಬಿಟ್ಟು ಮುಂದಿನ ಮೂರು ಅಂಕಿ ಏರ್‌ಲೈನ್‌ದು, ಕೊನೇ ಆರು ನಿಮ್ಮ ಬ್ಯಾಗಿಂದು. ಆ ಚೀಟಿ ಕಳ್ಕೊಂಡ್ರೆ ಹುಡುಕೋಕೆ ಆಗೋದೇ ಇಲ್ಲ ಅಂತಲ್ಲ, ಆದ್ರೆ ಎಲ್ಲಾ ನಿಧಾನ ಆಗುತ್ತೆ, ಹಾಗಾಗಿ ಕೈಗೆ ಕೊಟ್ಟ ಕೂಡ್ಲೇ ಅದ್ರದ್ದೊಂದು ಫೋಟೋ ತೆಗೆದಿಟ್ಕೊಳ್ಳಿ. ಆಮೇಲೆ ಒಂದು ಚಾರ್ಟ್ ತೋರಿಸಿ ನಿಮ್ಮ ಬ್ಯಾಗ್ ಇದ್ರಲ್ಲಿ ಯಾವ ಥರದ್ದು ಅಂತ ಕೇಳ್ತಾರೆ, ಅದು ಐಯಾಟಾ ಅನ್ನೋ ಏರ್‌ಲೈನ್‌ಗಳ ಅಂತರರಾಷ್ಟ್ರೀಯ ಸಂಘದ ಚಾರ್ಟು, ಪ್ರತಿ ಆಕಾರಕ್ಕೂ ಬಣ್ಣಕ್ಕೂ ಕೋಡ್ ಇದೆ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡಿ ಹೇಳಿ, ಕಪ್ಪು ಬ್ಯಾಗ್ ಅಂತ ಅಷ್ಟೇ ಹೇಳಿದ್ರೆ ಏನೂ ಹೇಳಿದ ಹಾಗಾಗಲ್ಲ, ಹಿಡಿ ಯಾವ ಕಡೆ ಇದೆ, ಏನು ಸ್ಟಿಕರ್ ಇದೆ, ಬ್ಯಾಗ್ ತೆಗೆದ ಕೂಡ್ಲೇ ಮೇಲೇನೇ ಏನು ಕಾಣ್ಸುತ್ತೆ, ಇದೆಲ್ಲಾ ಬರೆಸಿ. ಟ್ಯಾಗ್ ಕಿತ್ತು ಹೋಗಿದ್ರೆ ಅವ್ರು ಬ್ಯಾಗ್ ತೆಗೆದು ಒಳಗಿರೋ ಸಾಮಾನು ನೋಡೇ ಹೊಂದಿಸೋದು.

ಇಷ್ಟೆಲ್ಲಾ ಬರೆದ್ಕೊಂಡು ಅವ್ರು ಕೊಡೋ ಕಾಗದಾನೇ ಪಿಐಆರ್, ಅಂದ್ರೆ ಪ್ರಾಪರ್ಟಿ ಇರ್‌ರೆಗ್ಯುಲಾರಿಟಿ ರಿಪೋರ್ಟ್. ಅದ್ರ ಮೇಲಿರೋ ರೆಫರೆನ್ಸ್ ನಂಬರಲ್ಲಿ ಏರ್‌ಪೋರ್ಟ್‌ನ ಮೂರಕ್ಷರ, ಏರ್‌ಲೈನಿನ ಎರಡಕ್ಷರ, ಆಮೇಲೆ ಐದು ಅಂಕಿ ಇರುತ್ತೆ. ಇದಿಲ್ದೆ ಹೊರಗೆ ಬರ್ಲೇಬೇಡಿ. ಸುಸ್ತಾಗಿರುತ್ತೆ, ಹೊರಗಡೆ ಯಾರೋ ಕಾಯ್ತಿರ್ತಾರೆ, ಕ್ಯೂ ಉದ್ದ ಇರುತ್ತೆ, ಆದ್ರೂ ನಿಂತು ಮಾಡ್ಸಿ. ಯಾರಾದ್ರೂ "ಮನೆಗೆ ಹೋಗಿ ಆನ್‌ಲೈನ್ ಮಾಡ್ಕೊಳ್ಳಿ" ಅಂದ್ರೆ ಇಲ್ಲ ಈಗ್ಲೇ ನಂಬರ್ ಕೊಡಿ ಅಂತ ಮರ್ಯಾದೆಯಿಂದ ಕೇಳಿ. ತಂಗಿ ಬ್ಯಾಗಿನ ಚಕ್ರಕ್ಕೂ ಅದೇ ಕೌಂಟರ್‌ನಲ್ಲಿ ಡ್ಯಾಮೇಜ್ ರಿಪೋರ್ಟ್ ಮಾಡ್ಸಿದ್ವಿ, ಅಲ್ಲೇ ನೆಲದ ಮೇಲಿಟ್ಟು ಟ್ಯಾಗ್ ಕಾಣೋ ಹಾಗೆ ಫೋಟೋ ತೆಗೆದ್ವಿ. ಇದು ಯಾಕೆ ಮುಖ್ಯ ಅಂದ್ರೆ, ಏನೂ ದೂರು ಹೇಳ್ದೆ ಬ್ಯಾಗ್ ತಗೊಂಡು ಹೋದ್ರೆ ಬ್ಯಾಗ್ ಸರಿಯಾಗೇ ಸಿಕ್ಕಿತ್ತು ಅಂತ ಕಾನೂನೇ ಅಂದ್ಕೊಳ್ಳುತ್ತೆ, ಆಮೇಲೆ ಹಾಗಲ್ಲ ಅಂತ ತೋರಿಸೋ ಭಾರ ನಮ್ಮ ಮೇಲೆ ಬೀಳುತ್ತೆ. ಕೌಂಟರ್‌ನವ್ರಿಗೆ ಐದಕ್ಕೆ ಐದು.

ಹುಡುಕೋ ವ್ಯವಸ್ಥೆಗೂ ನನ್ನಿಂದ ಮೆಚ್ಚುಗೆ ಇದೆ. ವರ್ಲ್ಡ್‌ಟ್ರೇಸರ್ ಅಂತ ಒಂದು ಸಿಸ್ಟಮ್, ಏರ್‌ಲೈನ್‌ಗಳಿಗೆ ಕಂಪ್ಯೂಟರ್ ವ್ಯವಸ್ಥೆ ಒದಗಿಸೋ ಸಿಟಾ ಕಂಪನಿ ಮತ್ತೆ ಐಯಾಟಾ ಸೇರಿ ನಡೆಸೋದು, ಪ್ರಪಂಚದ ಯಾವ ಏರ್‌ಪೋರ್ಟಲ್ಲಿ ಯಾರದ್ದೂ ಅಲ್ದೆ ಉಳಿದ ಬ್ಯಾಗ್ ಸಿಕ್ರೂ ಅದ್ರ ವಿವರ ಅಲ್ಲಿಗೆ ಹೋಗುತ್ತೆ, ನಮ್ಮ ರಿಪೋರ್ಟ್ ಜೊತೆ ತಾಳೆ ನೋಡ್ತಾನೇ ಇರುತ್ತೆ, 100 ದಿನದ ತನಕ. ರೆಫರೆನ್ಸ್ ನಂಬರ್ ಹಾಕಿದ್ರೆ ನಾವೇ ನೋಡ್ಬೋದು. 2018ರ ಜೂನ್‌ನಿಂದ ಐಯಾಟಾದ 753ನೇ ನಿರ್ಣಯ ಜಾರಿಗೆ ಬಂತು, ಅದ್ರ ಪ್ರಕಾರ ಏರ್‌ಲೈನ್‌ಗಳು ಬ್ಯಾಗನ್ನ ನಾಲ್ಕು ಕಡೆ ದಾಖಲೆ ಮಾಡ್ಬೇಕು: ನಮ್ಮ ಕೈಯಿಂದ ತಗೊಂಡಾಗ, ವಿಮಾನಕ್ಕೆ ಹಾಕಿದಾಗ, ಕನೆಕ್ಷನ್‌ನಲ್ಲಿ ಕೈ ಬದಲಾದಾಗ, ಕೊನೇಗೆ ನಮಗೆ ವಾಪಸ್ ಕೊಡುವಾಗ. ಸಿಟಾ ಲೆಕ್ಕದಲ್ಲಿ 2007ರಲ್ಲಿ ಸಾವಿರ ಪ್ರಯಾಣಿಕರಿಗೆ 18ಕ್ಕಿಂತ ಜಾಸ್ತಿ ಬ್ಯಾಗ್ ಎಡವಟ್ಟಾಗ್ತಿತ್ತು, 2023ರಲ್ಲಿ ಅದು 6.9. ಅಂದ್ರೆ ನಿಜವಾಗ್ಲೂ ಸುಧಾರಿಸಿದೆ. ಬಹುಪಾಲು ಬ್ಯಾಗ್ ಕಳೆದು ಹೋಗಿರೋದೇ ಇಲ್ಲ, ಹಿಂದೆ ಉಳ್ದಿರುತ್ತೆ ಅಷ್ಟೇ, ಅದ್ರಲ್ಲೂ ಕನೆಕ್ಷನ್ ಜಾಗದಲ್ಲೇ ಜಾಸ್ತಿ, ನಾವು ಓಡಿ ಇನ್ನೊಂದು ವಿಮಾನ ಹಿಡಿದ್ರೂ ಬ್ಯಾಗ್ ಅಷ್ಟು ಬೇಗ ಹೋಗಲ್ಲ. ಹಾಗಾಗಿ ಎರಡು ವಿಮಾನದ ಮಧ್ಯ ಟೈಮ್ ಕಮ್ಮಿ ಇರೋ ಟಿಕೆಟ್ ತಗೋಬೇಡಿ ಅಂತ ಈಗ ಎಲ್ರಿಗೂ ಹೇಳ್ತೀನಿ. ಬ್ಯಾಗೊಳಗೆ ಏರ್‌ಟ್ಯಾಗ್, ಅಂದ್ರೆ ಎಲ್ಲಿದೆ ಅಂತ ಫೋನಲ್ಲಿ ತೋರಿಸೋ ಆಪಲ್ ಕಂಪನಿಯ ಸಣ್ಣ ಸಾಧನ, ಹಾಕಿದ್ರೆ ಇನ್ನೂ ಒಳ್ಳೇದು, 2024ರ ಕೊನೆಯಿಂದ ಅದ್ರ ಜಾಗ ತೋರಿಸೋ ಲಿಂಕನ್ನ ಏರ್‌ಲೈನ್ ಜೊತೆ ಹಂಚ್ಕೊಳ್ಳೋಕೂ ಆಗುತ್ತೆ. ಒಂದು ಸ್ಟಾರ್ ಯಾಕೆ ಕಟ್ ಮಾಡ್ದೆ ಅಂದ್ರೆ ಬ್ಯಾಗ್ ಸಿಕ್ಕಿದೆ ಅಂತ ಬಂದ್ಮೇಲೆ ಮನೆಗೆ ತಲುಪಿಸೋ ಕೊರಿಯರ್‌ನವ್ರ ಫೋನ್ ಯಾರೂ ಎತ್ತಲ್ಲ, ಸ್ಟೇಟಸ್ ಬದಲಾಗಲ್ಲ, ಇಡೀ ದಿನ ಬಾಗ್ಲ ಕಾಯ್ಬೇಕು.

ಈಗ ದುಡ್ಡಿನ ವಿಷ್ಯಕ್ಕೆ ಬರ್ತೀನಿ, ನನಗೆ ಬೇಜಾರಾಗಿದ್ದು ಇಲ್ಲಿ.

ಬ್ಯಾಗ್ ಇಲ್ದೆ ಇದ್ದ ದಿನಗಳಲ್ಲಿ ಬಟ್ಟೆ, ಒಳ ಉಡುಪು, ಸೋಪು ಬ್ರಷ್ಷು, ಚಾರ್ಜರ್, ದಿನಾ ತಗೋಳೋ ಮಾತ್ರೆ, ಇಷ್ಟು ತಗೊಂಡ್ವಿ, ಎಲ್ಲಾ ಬಿಲ್ ಇಟ್ಕೊಂಡ್ವಿ. ಕ್ಲೇಮ್ ಮಾಡೋಕೆ ಫೋನಲ್ಲಿ ಆಗಲ್ಲ, ಪೋರ್ಟಲ್ ಮೂಲಕಾನೇ ಮಾಡ್ಬೇಕಂತೆ. ಆ ಪೋರ್ಟಲ್ ಹೇಗಿದೆ ಅಂದ್ರೆ ಬಿಲ್ ಫೋಟೋ ಸ್ವಲ್ಪ ದೊಡ್ಡದಾದ್ರೂ ತಗೊಳ್ಳಲ್ಲ, ಪ್ರತಿ ವಸ್ತುವಿಗೂ ಬೇರೆ ಬೇರೆ ಸಾಲು ತುಂಬ್ಬೇಕು, ಅರ್ಧ ತುಂಬೋ ಹೊತ್ತಿಗೆ ಸೆಷನ್ ಮುಗಿದು ಎಲ್ಲಾ ಅಳಿಸಿಹೋಗುತ್ತೆ, ಕೊನೇಗೆ ಸಬ್‌ಮಿಟ್ ಆದ್ಮೇಲೂ ನಾವು ಬರೆದಿದ್ದರ ಕಾಪಿ ನಮಗೆ ಬರಲ್ಲ. ಪ್ರತಿ ಪೇಜ್ ಸ್ಕ್ರೀನ್‌ಶಾಟ್ ತೆಗೆದಿಟ್ಕೊಳ್ಳಿ. ಅದ್ರ ಜೊತೆಗೆ ಅದೇ ವಿಷ್ಯಾನ ಈಮೇಲ್‌ನಲ್ಲೂ ಕಳ್ಸಿ, ತಾರೀಕು ಸಮೇತ ನಿಮ್ಮ ಹತ್ರ ಉಳಿಯುತ್ತೆ. ಈ ಈಮೇಲ್ ನಮ್ಮನ್ನ ಕಾಪಾಡ್ತು, ಮುಂದೆ ಹೇಳ್ತೀನಿ.

ಬಹಳ ಕಾಯಿಸಿ ಬಂದ ಉತ್ತರ ಏನು ಅಂದ್ರೆ, ನಮ್ಮ ಪಾಲಿಸಿ ಪ್ರಕಾರ ದಿನಕ್ಕೆ ಇಷ್ಟು ಅಂತ ಒಂದು ಸಣ್ಣ ಮೊತ್ತ, ಅದೂ ಮೊದಲ ಕೆಲವು ದಿನಕ್ಕೆ ಮಾತ್ರ, ಅದ್ರಲ್ಲೂ ಬಟ್ಟೆಗೆ ಅರ್ಧ, ಯಾಕಂದ್ರೆ ಬಟ್ಟೆ ನಿಮ್ಮ ಹತ್ರಾನೇ ಉಳಿಯುತ್ತಲ್ಲ ಅಂತ. ದುಡ್ಡು ಬೇಡ ಅಂದ್ರೆ ಸ್ವಲ್ಪ ಜಾಸ್ತಿ ಬೆಲೆಯ ವೋಚರ್ ಕೊಡ್ತೀವಿ ಅಂತಾನೂ ಇತ್ತು. ಸುಮಾರು ಜನ ಇಲ್ಲಿಗೇ ಬಿಟ್ಟುಬಿಡ್ತಾರೆ, ಇದೇ ರೂಲು ಅಂತ ಅಂದ್ಕೊಂಡು. ಇದು ರೂಲಲ್ಲ. ಇಂಟರ್‌ನ್ಯಾಷನಲ್ ಪ್ರಯಾಣಕ್ಕೆ ರೂಲ್ ಅಂದ್ರೆ ಮಾಂಟ್ರಿಯಲ್ ಕನ್ವೆನ್ಷನ್ ಅನ್ನೋ ಅಂತರರಾಷ್ಟ್ರೀಯ ಒಪ್ಪಂದ, 1999ರಲ್ಲಿ ಆಗಿದ್ದು, 2003ರ ನವೆಂಬರ್‌ನಲ್ಲಿ ಜಾರಿಗೆ ಬಂದಿದ್ದು, 130ಕ್ಕೂ ಹೆಚ್ಚು ದೇಶ ಒಪ್ಕೊಂಡಿದ್ದಾವೆ. ಅದ್ರ 19ನೇ ವಿಧಿ ಪ್ರಕಾರ ಬ್ಯಾಗ್ ಲೇಟಾಗಿ ಆದ ನಷ್ಟಕ್ಕೆ ಏರ್‌ಲೈನ್ ಹೊಣೆ, ತಪ್ಪಿಸೋಕೆ ಮಾಡ್ಬೇಕಾದ ಎಲ್ಲಾ ನ್ಯಾಯವಾದ ಕ್ರಮ ತಗೊಂಡಿದ್ವಿ ಅಂತ ಅವ್ರೇ ಸಾಬೀತು ಮಾಡಿದ್ರೆ ಮಾತ್ರ ಬಿಡುಗಡೆ. ದಿನಕ್ಕೆ ಇಷ್ಟೇ ಅನ್ನೋ ಮಾತು ಅದ್ರಲ್ಲಿ ಎಲ್ಲೂ ಇಲ್ಲ. ಕನ್ವೆನ್ಷನ್ ಕೊಡೋದಕ್ಕಿಂತ ಕಮ್ಮಿ ಹೊಣೆ ಹೊತ್ಕೋತೀವಿ ಅಂತ ಏರ್‌ಲೈನ್ ತನ್ನ ಷರತ್ತಿನಲ್ಲಿ ಬರ್ಕೊಂಡ್ರೂ ಆ ಷರತ್ತು ನಡೆಯಲ್ಲ ಅಂತ 26ನೇ ವಿಧಿ ಹೇಳುತ್ತೆ.

ಗರಿಷ್ಠ ಎಷ್ಟು ಅನ್ನೋದು 22ನೇ ವಿಧಿಯಲ್ಲಿ ಇದೆ. ಒಬ್ಬ ಪ್ರಯಾಣಿಕರಿಗೆ 1,519 ಎಸ್‌ಡಿಆರ್, 2024ರ ಡಿಸೆಂಬರ್ 28ರಿಂದ. ಅದಕ್ಕೆ ಮುಂಚೆ 1,288 ಇತ್ತು, ಅದಕ್ಕೂ ಮುಂಚೆ 1,131, ಶುರುನಲ್ಲಿ 1,000. ಐದು ವರ್ಷಕ್ಕೊಮ್ಮೆ ಬೆಲೆಯೇರಿಕೆ ನೋಡಿ ಪರಿಶೀಲಿಸ್ತಾರೆ. ಎಸ್‌ಡಿಆರ್ ಅನ್ನೋದು ಐಎಂಎಫ್, ಅಂದ್ರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಅಳತೆ, ಡಾಲರ್, ಯೂರೋ, ಯುವಾನ್, ಯೆನ್, ಪೌಂಡ್ ಈ ಐದೂ ಸೇರಿ ಅದ್ರ ಬೆಲೆ ನಿರ್ಧಾರ ಆಗುತ್ತೆ, ದಿನಾ ಸ್ವಲ್ಪ ಆಚೀಚೆ ಆಗುತ್ತೆ, ಅಂದಾಜಿಗೆ 1,519 ಅಂದ್ರೆ 2,000 ಡಾಲರ್ ಆಸುಪಾಸು ಅಂತಿಟ್ಕೊಳ್ಳಿ. ಗಮನಿಸ್ಬೇಕಾದ್ದು ಇದು ಬ್ಯಾಗಿಗೆ ಇಷ್ಟು ಅಂತಲ್ಲ, ಒಬ್ಬರಿಗೆ ಇಷ್ಟು, ಎರಡು ಬ್ಯಾಗ್ ಹೋದ್ರೂ ಅಷ್ಟೇ. ಮತ್ತೆ ಇದು ಎಲ್ರಿಗೂ ಸಿಗೋ ಫಿಕ್ಸೆಡ್ ಮೊತ್ತಾನೂ ಅಲ್ಲ, ಮೇಲಿನ ಮಿತಿ ಮಾತ್ರ, ಯೂರೋಪಿಯನ್ ಒಕ್ಕೂಟದ ನ್ಯಾಯಾಲಯ 2020ರಲ್ಲಿ ಇದನ್ನ ಸ್ಪಷ್ಟವಾಗಿ ಹೇಳಿದೆ, ಬ್ಯಾಗಲ್ಲಿ ಏನಿತ್ತು, ಎಷ್ಟು ಬೆಲೆಯದ್ದು ಅಂತ ತೋರಿಸೋದು ಪ್ರಯಾಣಿಕರ ಕೆಲ್ಸ. ತೋರಿಸೋಕೆ ಆಗದಿದ್ದಾಗ ಬ್ಯಾಗಿನ ತೂಕ ಎಷ್ಟಿತ್ತು, ಹೋಗುವಾಗ ಕಳೀತಾ ಬರುವಾಗ ಕಳೀತಾ ಅನ್ನೋದನ್ನೂ ನೋಡ್ಬೋದು ಅಂತಾನೂ ಅದೇ ತೀರ್ಪಿನಲ್ಲಿದೆ. ಚೆಕ್-ಇನ್‌ನಲ್ಲಿ ತೂಕ ತೋರಿಸೋ ಚೀಟಿಗೂ ಬೆಲೆ ಇದೆ ಅಂತಾಯ್ತು, ಎಸೀಬೇಡಿ.

ಬಟ್ಟೆಗೆ ಅರ್ಧ ಅನ್ನೋ ವಾದದ ಬಗ್ಗೆ ನನ್ನ ಅಭಿಪ್ರಾಯ ಹೇಳ್ತೀನಿ. ಮುಂದೆ ವರ್ಷಗಟ್ಲೆ ಹಾಕ್ಕೊಳ್ಳೋ ದುಬಾರಿ ಕೋಟ್ ತಗೊಂಡು ಪೂರ್ತಿ ಕೇಳೋದು ಸರಿಯಲ್ಲ, ಅದು ಒಪ್ತೀನಿ. ಆದ್ರೆ ಬ್ಯಾಗಲ್ಲಿ ನನ್ನ ಹತ್ರ ಈಗಾಗ್ಲೇ ಇದ್ದ ಸಾದಾ ಬಟ್ಟೇನೇ ಮತ್ತೆ ತಗೋಬೇಕಾಗಿ ಬಂತು, ನನಗೆ ಬೇಕು ಅಂತ ತಗೊಂಡಿದ್ದಲ್ಲ, ಅದಕ್ಕೆ ಕಣ್ಮುಚ್ಚಿ ಅರ್ಧ ಕತ್ತರಿಸೋದು ನ್ಯಾಯ ಅಲ್ಲ. ಇದನ್ನೇ ಬರೆದೆ, ಪ್ರತಿ ವಸ್ತು ಯಾಕೆ ಬೇಕಾಯ್ತು ಅಂತ ಒಂದೊಂದು ಸಾಲು, ಕೆಳಗೆ 19 ಮತ್ತೆ 22ನೇ ವಿಧಿ ಹೆಸರು. ಬೈಗುಳ ಇಲ್ಲ, ಬೆದರಿಕೆ ಇಲ್ಲ. ಮುಂದಿನ ಉತ್ತರದಲ್ಲಿ ಭಾಷೆಯೇ ಬದಲಾಯ್ತು, ಒಂದು ಜೊತೆ ಶೂ ಬಿಟ್ಟು ಉಳಿದಿದ್ದೆಲ್ಲಾ ಒಪ್ಕೊಂಡ್ರು. ಶೂ ವಿಷ್ಯದಲ್ಲಿ ನಾನೂ ಮುಂದುವರೆಸ್ಲಿಲ್ಲ. ಆದ್ರೆ ಇದೇ ನನಗೆ ಕೋಪ ತರೋ ವಿಷ್ಯ, ವಿಧಿ ಹೆಸರು ಬರೆದವ್ರಿಗೆ ಒಂದು ಮೊತ್ತ, ಬರೀದೇ ಇರೋ ಸಾಮಾನ್ಯ ಜನಕ್ಕೆ ಇನ್ನೊಂದು ಮೊತ್ತ. ವಯಸ್ಸಾದವ್ರು, ಮೊದಲನೇ ಸಲ ವಿಮಾನ ಹತ್ತಿದವ್ರು, ಇಂಗ್ಲಿಷ್ ಬರೆಯೋಕೆ ಕಷ್ಟ ಪಡೋರು, ಇವ್ರೆಲ್ಲಾ ಮೊದಲನೇ ಮೇಲ್‌ಗೇ ಸುಮ್ನಾಗ್ತಾರೆ.

ತಂಗಿ ಬ್ಯಾಗಿನದ್ದು ಇನ್ನೂ ಕಷ್ಟ ಆಯ್ತು. ಮೊದಲನೇ ಉತ್ತರ, ಚಕ್ರ ಹಿಡಿ ಇಂಥವು ಬಳಕೆಯಿಂದ ಸವೆದು ಹಾಳಾಗೋ ಭಾಗ, ಅದಕ್ಕೆ ನಾವು ಹೊಣೆ ಅಲ್ಲ. ಕನ್ವೆನ್ಷನ್‌ನ 17ನೇ ವಿಧಿ ಹೇಳೋದು, ಬ್ಯಾಗ್ ಅವ್ರ ವಶದಲ್ಲಿದ್ದಾಗ ಆದ ಹಾನಿಗೆ ಅವ್ರೇ ಹೊಣೆ, ಬ್ಯಾಗಿನಲ್ಲೇ ಇರೋ ದೋಷದಿಂದ ಹಾನಿ ಆಗಿದ್ರೆ ಅಷ್ಟರ ಮಟ್ಟಿಗೆ ಮಾತ್ರ ವಿನಾಯಿತಿ. ಸಣ್ಣ ಗೀರು, ಮಣ್ಣು, ಕಲೆ ಇವನ್ನ ಕೇಳೋದು ವ್ಯರ್ಥ, ಬ್ಯಾಗ್ ಇರೋದೇ ಅದನ್ನೆಲ್ಲಾ ತಡ್ಕೊಳ್ಳೋಕೆ. ಆದ್ರೆ ಹೋಗುವಾಗ ಸರಿಯಿದ್ದ ಚಕ್ರ ಬುಡಸಮೇತ ಕಿತ್ತು ಬಂದ್ರೆ ಅದು ಸವೆತ ಅಲ್ಲ. ಚೆಕ್-ಇನ್ ಕೌಂಟರ್ ಮುಂದೆ ತಂಗಿ ಬ್ಯಾಗ್ ಪಕ್ಕ ನಿಂತು ತೆಗೆಸ್ಕೊಂಡ ಫೋಟೋ ಇತ್ತು, ನಾಲ್ಕೂ ಚಕ್ರ ಕಾಣ್ತಿತ್ತು, ಅದನ್ನ ಕಳ್ಸಿದ್ವಿ.

ಆಗ ಎರಡನೇ ಕಾರಣ ಬಂತು, ನೀವು ಪೋರ್ಟಲ್‌ನಲ್ಲಿ 7 ದಿನದೊಳಗೆ ಹಾಕಿಲ್ಲ, ಕ್ಲೇಮ್ ಕ್ಲೋಸ್ ಅಂತ. ಇಲ್ಲಿ ಗಡುವುಗಳನ್ನ ಸರಿಯಾಗಿ ತಿಳ್ಕೊಳ್ಳಿ, ದುಡ್ಡು ಕೈತಪ್ಪೋದು ಇಲ್ಲೇ. ಡ್ಯಾಮೇಜ್ ಆದ್ರೆ ಬ್ಯಾಗ್ ಕೈಗೆ ಸಿಕ್ಕಿದ ದಿನದಿಂದ ಹೆಚ್ಚೆಂದ್ರೆ 7 ದಿನದಲ್ಲಿ, ಲೇಟ್ ಆದ್ರೆ ಬ್ಯಾಗ್ ನಿಮಗೆ ತಲುಪಿದ ದಿನದಿಂದ 21 ದಿನದಲ್ಲಿ ಬರವಣಿಗೆಯಲ್ಲಿ ದೂರು ಕೊಡ್ಬೇಕು, ಕೊಡದಿದ್ರೆ ಮುಂದೆ ಕೋರ್ಟಿಗೂ ಹೋಗೋ ಹಾಗಿಲ್ಲ. ದಿನ ಅಂದ್ರೆ ರಜಾ ದಿನಾನೂ ಸೇರಿ. ಬ್ಯಾಗೊಳಗಿಂದ ಏನಾದ್ರೂ ಕಾಣೆಯಾಗಿದ್ರೂ ಡ್ಯಾಮೇಜ್ ಥರಾನೇ ಅಂದ್ಕೊಂಡು 7 ದಿನದೊಳಗೇ ಬರೆದುಬಿಡಿ. ಆದ್ರೆ ಪೋರ್ಟಲ್‌ನಲ್ಲೇ ಹಾಕ್ಬೇಕು ಅಂತ ಕನ್ವೆನ್ಷನ್ ಹೇಳಲ್ಲ, ಬರವಣಿಗೆಯಲ್ಲಿ ಅಂತ ಅಷ್ಟೇ ಹೇಳುತ್ತೆ. ಏರ್‌ಲೈನ್ ಸಿಬ್ಬಂದಿ ತಮ್ಮ ಕಂಪ್ಯೂಟರ್ ಸಿಸ್ಟಮ್‌ನಲ್ಲಿ ದಾಖಲು ಮಾಡ್ಕೊಂಡ ದೂರೂ ಬರವಣಿಗೆಯ ದೂರೇ ಅಂತ ಯೂರೋಪಿನ ನ್ಯಾಯಾಲಯ 2018ರಲ್ಲಿ ಹೇಳಿದೆ. ನಮ್ಮ ಹತ್ರ ಕೌಂಟರ್ ರಿಪೋರ್ಟೂ ಇತ್ತು, ಗಡುವಿನೊಳಗೆ ಕಳ್ಸಿದ ಈಮೇಲೂ ಇತ್ತು, ಎರಡನ್ನೂ ತಾರೀಕು ಸಮೇತ ಲಗತ್ತಿಸಿದ್ವಿ, ಕ್ಲೋಸ್ ಆಗಿದ್ದ ಕ್ಲೇಮ್ ಮತ್ತೆ ತೆರೀತು. ಬ್ಯಾಗ್ ರಿಪೇರಿ ಮಾಡೋರ ಹತ್ರ ಇದು ಸರಿ ಆಗಲ್ಲ ಅಂತ ಬರೆಸ್ಕೊಂಡು ಬಂದ್ವಿ, ಹಳೇ ಬ್ಯಾಗಾದ್ರಿಂದ ಹೊಸದ್ರ ಪೂರ್ತಿ ಬೆಲೆ ಕೊಡ್ಲಿಲ್ಲ, ವಯಸ್ಸಿಗೆ ತಕ್ಕಂತೆ ಕಳೆದು ಕೊಟ್ರು, ಅದು ನ್ಯಾಯಾನೇ.

ಬ್ಯಾಗ್ ಪೂರ್ತಿ ಕಳೆದೇ ಹೋದವ್ರಿಗೆ ಒಂದೆರಡು ಮಾತು, ಯಾಕಂದ್ರೆ ನನ್ನ ಬ್ಯಾಗ್ ಬರೋ ತನಕ ನಾವು ಅದಕ್ಕೂ ತಯಾರಿ ಮಾಡ್ಕೊಂಡಿದ್ವಿ. ಬರ್ಬೇಕಾಗಿದ್ದ ದಿನದಿಂದ 21 ದಿನ ಆದ್ರೂ ಬರದಿದ್ರೆ, ಅಥ್ವಾ ಏರ್‌ಲೈನೇ ಕಳೆದೋಯ್ತು ಅಂತ ಒಪ್ಕೊಂಡ್ರೆ, ಕಳೆದ ಬ್ಯಾಗ್ ಅಂತ ಪರಿಹಾರ ಕೇಳೋ ಹಕ್ಕು ಬರುತ್ತೆ. ಆಗ ಒಳಗಿದ್ದ ಪ್ರತಿ ವಸ್ತುವಿನ ಪಟ್ಟಿ ಕೊಡ್ಬೇಕು. ಆನ್‌ಲೈನ್ ಆರ್ಡರ್ ಹಿಸ್ಟರಿ, ಬ್ಯಾಂಕ್ ಸ್ಟೇಟ್‌ಮೆಂಟ್, ಆ ಬಟ್ಟೆ ಹಾಕ್ಕೊಂಡಿರೋ ಹಳೇ ಫೋಟೋ, ಎಲ್ಲಾ ಸಾಕ್ಷಿಗೆ ಬರುತ್ತೆ. ನನ್ನ ಬ್ಯಾಗಲ್ಲಿ ತಂಗಿ ಬಟ್ಟೇನೂ ಸುಮಾರಿತ್ತು, ಟ್ಯಾಗ್ ನನ್ನ ಹೆಸರಲ್ಲಿ. ಇಂಥಾ ಸಂದರ್ಭದಲ್ಲಿ ಒಬ್ಬರ ಸಾಮಾನು ಇನ್ನೊಬ್ಬರ ಬ್ಯಾಗಲ್ಲಿದ್ರೂ, ಅದೇ ವಿಮಾನದಲ್ಲಿ ಅವ್ರೂ ಇದ್ರೆ, ಅವ್ರು ಬೇರೆಯಾಗೇ ಕ್ಲೇಮ್ ಮಾಡ್ಬೋದು ಅಂತ 2012ರಲ್ಲಿ ಅದೇ ಯೂರೋಪಿನ ನ್ಯಾಯಾಲಯ ಹೇಳಿದೆ, ಸಾಮಾನು ಅದ್ರಲ್ಲಿತ್ತು ಅಂತ ತೋರಿಸ್ಬೇಕು ಅಷ್ಟೇ. ಮನೆಯವ್ರೆಲ್ಲಾ ಒಂದೇ ದೊಡ್ಡ ಬ್ಯಾಗಲ್ಲಿ ತುಂಬ್ಕೊಂಡು ಹೋಗೋರಿಗೆ ಇದು ದೊಡ್ಡ ವ್ಯತ್ಯಾಸ, ಒಬ್ಬರ ಮಿತಿ ಬದ್ಲು ಪ್ರತಿಯೊಬ್ಬರಿಗೂ ಅವ್ರವ್ರ ಮಿತಿ. ಒಡವೆ, ನಗದು, ಲ್ಯಾಪ್‌ಟಾಪ್, ಮುಖ್ಯ ಕಾಗದಪತ್ರ ಚೆಕ್-ಇನ್ ಬ್ಯಾಗಲ್ಲಿ ಇಡ್ಲೇಬೇಡಿ, ಅದ್ರ ಬಗ್ಗೆ ವಾದ ಮಾಡೋದ್ರಲ್ಲೇ ಜೀವ ಸಾಕಾಗುತ್ತೆ. ತುಂಬಾ ಬೆಲೆಬಾಳೋದನ್ನ ಹಾಕ್ಲೇಬೇಕಾದ್ರೆ ಚೆಕ್-ಇನ್‌ನಲ್ಲೇ ಅದ್ರ ಬೆಲೆ ಘೋಷಿಸಿ ಹೆಚ್ಚುವರಿ ಶುಲ್ಕ ಕಟ್ಟಿದ್ರೆ ಮಿತಿ ಆ ಬೆಲೆ ತನಕ ಏರುತ್ತೆ, ಕನ್ವೆನ್ಷನ್‌ನಲ್ಲೇ ಇದೆ, ಕೌಂಟರ್‌ನಲ್ಲಿ ಕೇಳಿ ತಗೋಬೇಕು.

ಎರಡು ಬೇರೆ ಏರ್‌ಲೈನ್‌ನಲ್ಲಿ ಹೋಗಿದ್ರೆ ಇವ್ರು ಅವ್ರನ್ನ ಕೇಳಿ ಅಂತಾರೆ, ಅವ್ರು ಇವ್ರನ್ನ ಕೇಳಿ ಅಂತಾರೆ. ಒಂದೇ ಟಿಕೆಟ್ ಆಗಿದ್ರೆ ಲಗೇಜ್ ವಿಷ್ಯದಲ್ಲಿ ಮೊದಲನೇ ಏರ್‌ಲೈನ್, ಕೊನೇ ಏರ್‌ಲೈನ್, ಹಾನಿ ಆದಾಗ ಸಾಗಿಸ್ತಿದ್ದ ಏರ್‌ಲೈನ್, ಇವ್ರಲ್ಲಿ ಯಾರನ್ನ ಬೇಕಾದ್ರೂ ಕೇಳ್ಬೋದು, ಎಲ್ರೂ ಜಂಟಿಯಾಗಿ ಹೊಣೆ. ಸಾಮಾನ್ಯವಾಗಿ ಕೊನೇ ಏರ್‌ಲೈನ್‌ಗೆ ಕೊಡೋದು ಸುಲಭ, ರಿಪೋರ್ಟ್ ಅವ್ರ ಹತ್ರಾನೇ ಇರುತ್ತೆ. ದೇಶದೊಳಗಿನ ಫ್ಲೈಟ್ ಮಾತ್ರ ಆಗಿದ್ರೆ ಈ ಕನ್ವೆನ್ಷನ್ ನೇರವಾಗಿ ಬರಲ್ಲ, ಆಯಾ ದೇಶದ ನಿಯಮ ನೋಡ್ಬೇಕು.

ಕಮಿಷನ್ ತಗೊಂಡು ಕ್ಲೇಮ್ ಮಾಡಿಸ್ಕೊಡೋ ಕಂಪನಿಗಳೂ ಇವೆ. ಒಂದ್ರ ಹತ್ರ ವಿಚಾರಿಸ್ದೆ, ಅವ್ರು ಕೇಳಿದ್ದೂ ಇದೇ ಪಿಐಆರ್, ಇದೇ ಬಿಲ್ಲು, ಇದೇ ಫೋಟೋ. ಕಷ್ಟದ ಕೆಲ್ಸ ಎಲ್ಲಾ ನಾವೇ ಮಾಡಿ ಸಿಕ್ಕಿದ ದುಡ್ಡಲ್ಲಿ ದೊಡ್ಡ ಪಾಲು ಯಾಕೆ ಕೊಡ್ಬೇಕು ಅನ್ನಿಸ್ತು, ಕೋರ್ಟಿಗೇ ಹೋಗೋ ಮಟ್ಟಕ್ಕೆ ಬಂದ್ರೆ ಬೇರೆ ಮಾತು. ಟ್ರಾವೆಲ್ ಇನ್ಶೂರೆನ್ಸ್ ಇದ್ದವ್ರು ಅದನ್ನೂ ನೋಡಿ, ಸುಮಾರು ಪಾಲಿಸಿಯಲ್ಲಿ ಇಷ್ಟು ಗಂಟೆ ಮೇಲೆ ಲೇಟಾದ್ರೆ ಅಂತ ಇರುತ್ತೆ, ಅದಕ್ಕೆ ಬ್ಯಾಗ್ ತಲುಪಿದ ದಿನ ಮತ್ತೆ ಟೈಮ್ ಬರೆದ ಪತ್ರ ಏರ್‌ಲೈನ್‌ನಿಂದ ಬೇಕು, ಕೊರಿಯರ್ ಸಹಿ ಹಾಕಿಸ್ಕೊಳ್ಳುವಾಗ್ಲೇ ಟೈಮ್ ಬರೆದು ಫೋಟೋ ತೆಗೆದ್ಕೊಳ್ಳಿ. ಒಂದೇ ನಷ್ಟಕ್ಕೆ ಎರಡೂ ಕಡೆ ಪೂರ್ತಿ ಸಿಗಲ್ಲ, ಏರ್‌ಲೈನ್ ಕೊಡದೇ ಬಿಟ್ಟಿದ್ದನ್ನ ಅಲ್ಲಿ ಕೇಳ್ಬೋದು.

ದುಡ್ಡು ಹಾಕೋ ಮುಂಚೆ ಒಂದು ಫಾರ್ಮ್ ಕಳಿಸ್ತಾರೆ, ಇನ್ನು ಮುಂದೆ ಏನೂ ಕೇಳಲ್ಲ ಅಂತ ಸಹಿ ಮಾಡೋಕೆ. ಮೊತ್ತ ಸರಿಯಿದ್ರೆ ಮಾತ್ರ ಮಾಡಿ. ಇಲ್ದಿದ್ರೆ ಅವಸರ ಬೇಡ, ವಿಮಾನ ತಲುಪಿದ ದಿನದಿಂದ ಎರಡು ವರ್ಷದ ತನಕ ಕೇಸ್ ಹಾಕೋ ಅವಕಾಶ ಇದೆ, ಆ 7 ಮತ್ತೆ 21 ದಿನದ ಗಡುವು ಪಾಲಿಸಿರ್ಬೇಕು ಅಷ್ಟೇ. ತಂಗಿ ಕ್ಲೇಮ್ ದುಡ್ಡು ಅಕೌಂಟಿಗೆ ಬಂದಿದೆ, ನಂದೂ ಬಂದಿದೆ. ಲೇಟಾದ ಬ್ಯಾಗಿಗೆ ಕಟ್ಟಿದ್ದ ಬ್ಯಾಗೇಜ್ ಫೀ ವಾಪಸ್ ಕೇಳಿ ಬರೆದಿದೀನಿ, ಅದಕ್ಕಿನ್ನೂ ಉತ್ತರ ಇಲ್ಲ, ಬಂದ್ರೆ ಇಲ್ಲೇ ಅಪ್‌ಡೇಟ್ ಮಾಡ್ತೀನಿ.